ಹದಿನಾರು ರೂಪಾಯಿ

ಹೈದರಾಬಾದಿನ ಕಾಚಿಗುಡದ ನಮ್ಮ ಗಲ್ಲಿಯಲ್ಲಿ ಕಲಬುರಗಿ ಕಡೆಯ ಅವ್ವ ಒಬ್ಬರಿದ್ದಾರೆ. ವಯಸ್ಸು ಅರವತ್ತೆಂಟು. ಸೆರೆಬ್ರಲ್ ಪಾಲ್ಸಿ ಇರುವ ಮಗನಿಗೆ ನಲವತ್ತೊಂದು. ಬೆಳಗಿನ ಐದಕ್ಕೆ ಅವನ ಮಗ್ಗಲು ಬದಲಿಸುವುದರೊಂದಿಗೆ ಆಕೆಯ ದಿನ ಶುರು. ರಾತ್ರಿ ಎರಡಕ್ಕೆ ಮತ್ತೆ ಏಳಬೇಕು, ಇಲ್ಲದಿದ್ದರೆ ಅವನ ಬೆನ್ನಿಗೆ ಹುಣ್ಣಾಗುತ್ತದೆ. "ಪಿಂಚಣಿ ಅವನ ಹೆಸರಿಗಿ ಬರ್ತದರಿ, ಕೆಲಸ ನನ್ನ ಹೆಸರಿಗಿ" ಎಂದು ನಗುತ್ತಾರೆ.

ತೆಲಂಗಾಣದ ಆಸರಾ ಪಿಂಚಣಿ 2014ರಲ್ಲಿ ಬಂದಾಗ ಅಂಗವಿಕಲರಿಗೆ ತಿಂಗಳಿಗೆ 1,500 ರೂಪಾಯಿ. 2019ರಲ್ಲಿ ಅದು 3,016 ಆಯಿತು, 2023ರಲ್ಲಿ 4,016. ಬಾಲದಲ್ಲಿರುವ ಆ ಹದಿನಾರು ನನ್ನನ್ನು ಕಾಡುತ್ತದೆ. ತೆಲುಗರ ಮದುವೆಮನೆಯಲ್ಲಿ ಮುಯ್ಯಿ ಮಾಡುವಾಗ ನೂರಾ ಹದಿನಾರು, ಸಾವಿರದ ನೂರಾ ಹದಿನಾರು ಎಂದು ಲಕೋಟೆಯಲ್ಲಿಡುವ ರೂಢಿ. ಪಿಂಚಣಿಗೂ ಅದೇ ಶುಭದ ಲೆಕ್ಕ. ಆ ಅಂಕಿಯನ್ನು ಕಂಡಾಗಲೆಲ್ಲ ಇದು ಸಲ್ಲಬೇಕಾದ ಬಾಕಿಯೋ, ಖುಷಿಯಿಂದ ಕೊಟ್ಟ ಮುಯ್ಯಿಯೋ ಎಂಬ ಅನುಮಾನ. ಮುಯ್ಯಿ ಎಷ್ಟು ಎಂದು ಯಾರೂ ಬಾಯಿಬಿಟ್ಟು ಕೇಳುವ ಹಾಗಿಲ್ಲವಲ್ಲ! ಕೃಷ್ಣೆಯ ಆಚೆ ಆಂಧ್ರದಲ್ಲಿ ಇದೇ ಪಿಂಚಣಿ 2024ರಿಂದ 6,000, ಪೂರ್ತಿ ಹಾಸಿಗೆ ಹಿಡಿದವರಿಗೆ 15,000. ಶೇ. 80 ಅಥವಾ ಹೆಚ್ಚು ವೈಕಲ್ಯವಿರುವ ಬಡವರಿಗೆ ಕೇಂದ್ರ ಕೊಡುವ ಪಾಲು 300.

ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯೂ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸುತ್ತದೆ. ಕೇರಳ 'ಆಶ್ವಾಸಕಿರಣಂ' ಹೆಸರಲ್ಲಿ ತಿಂಗಳಿಗೆ 600 ಗೊತ್ತುಮಾಡಿತು. ಕರ್ನಾಟಕ 2024ರ ಬಜೆಟ್ಟಿನಲ್ಲಿ ಕೆಲವು ಕಾಯಿಲೆಗಳವರ ಆರೈಕೆದಾರರಿಗೆ ಸಾವಿರ ಘೋಷಿಸಿತು. ಜರ್ಮನಿಯಲ್ಲಿ 1995ರಿಂದ ದುಡಿಯುವವರ ಸಂಬಳದಲ್ಲೇ ಆರೈಕೆ ವಿಮೆಗೆಂದು ಒಂದು ಪಾಲು ಮುರಿದುಕೊಳ್ಳುತ್ತಾರೆ. ಮನೆಯಲ್ಲೇ ನೋಡಿಕೊಂಡರೂ ಆ ನಿಧಿಯಿಂದ ಹಣ ಬರುತ್ತದೆ, ನೋಡಿಕೊಂಡವರ ಮುಪ್ಪಿನ ಪಿಂಚಣಿಗೂ ಜಮಾ ಆಗುತ್ತದೆ. ನಮ್ಮ ದೇಶದಲ್ಲಿ ದುಡಿಮೆಯ ಬಹುಪಾಲು ಸಂಬಳದ ಚೀಟಿಯ ಹೊರಗಿದೆ. ಹಾಗಾಗಿ ಜರ್ಮನಿಯ ಆ ಯಂತ್ರ ಇಲ್ಲಿ ಓಡಲಿಕ್ಕಿಲ್ಲ. ನಮ್ಮಲ್ಲಿ ಆ ಹಣ ತೆರಿಗೆಯಿಂದಲೇ ಬರಬೇಕು. ಈಗಿರುವ ತೆರಿಗೆ ರಿಯಾಯಿತಿಯೋ, ತೆರಿಗೆ ಕಟ್ಟುವಷ್ಟು ಆದಾಯ ಇದ್ದವರಿಗೆ ಮಾತ್ರ.

ಆದರೆ ಸರ್ಕಾರವನ್ನಷ್ಟೇ ದೂರಿ ಕೈತೊಳೆದುಕೊಳ್ಳಲಾರೆ. ಆ ಅವ್ವ ಎದುರಾದಾಗಲೆಲ್ಲ ನಾನು "ನಿಮ್ಮಂಥ ತಾಯಿ ಸಿಗೋದು ಪುಣ್ಯ" ಅಂದಿದ್ದೇನೆ. ಅಂದು ಹಗುರಾಗಿ ಮನೆಗೆ ಬಂದಿದ್ದೇನೆ. ನಲವತ್ತೊಂದು ವರ್ಷದ ರಾತ್ರಿಪಾಳಿಗೆ ಮಮತೆ ಎಂದು ಹೆಸರಿಟ್ಟರೆ ಅದರ ಲೆಕ್ಕ ಯಾರೂ ಬರೆಯಬೇಕಾಗಿಲ್ಲ. ಆ ಹೊಗಳಿಕೆಯೂ ಒಂದು ಮುಯ್ಯಿಯೇ. ನನ್ನ ಜೇಬಿಗೆ ಅದರಿಂದ ಹದಿನಾರು ರೂಪಾಯಿಯೂ ಖರ್ಚಿಲ್ಲ.

ಹೋದ ಮಳೆಗಾಲದಲ್ಲಿ ಆಕೆಗೆ ಜ್ವರ ಬಂತು. ಮಗನನ್ನು ನೋಡಿಕೊಳ್ಳಲು ಹುಡುಗನೊಬ್ಬನನ್ನು ಗೊತ್ತುಮಾಡಿದೆವು. ದಿನಕ್ಕೆ ಎಂಟುನೂರು. ಐದು ದಿನ ಬಂದ. ಆರನೆಯ ದಿನ ಅವ್ವ ಜ್ವರದಲ್ಲೇ ಎದ್ದರು. ಆ ತಿಂಗಳ ಪಿಂಚಣಿಯಲ್ಲಿ ಉಳಿದದ್ದು ಹದಿನಾರು ರೂಪಾಯಿ.