ನೊಣದ ಸಾಕ್ಷ್ಯ

ನಮ್ಮ ಕಾಸರಗೋಡಿನ ಹಾಗೆ ಗಡಿಯಾಚೆ ಉಳಿದ ಕನ್ನಡದ ಊರು ಅಕ್ಕಲಕೋಟ. 1878ರಲ್ಲಿ ಅಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಪುಣ್ಯತಿಥಿಗೆ ಚೈತ್ರದ ಕೃಷ್ಣ ತ್ರಯೋದಶಿಯಂದು ಜನ ಸೇರುತ್ತಾರೆ. ಪಕ್ಕದ ಸೊಲ್ಲಾಪುರ ಜನವರಿ 12ನ್ನು ಮರೆಯುವುದಿಲ್ಲ. 1931ರ ಆ ದಿನ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಒಂದು ಸಾವಿಗೆ ತಿಥಿಯುಂಟು, ಇನ್ನೊಂದಕ್ಕೆ ತಾರೀಖು. ಆದರೆ ಈ ಎರಡು ಊರುಗಳ ನಡುವೆ ಯಾರೂ ಕಾಣದ ಹೊಲದ ಬದುವಿನಲ್ಲಿ ದಾರಿಹೋಕನೊಬ್ಬ ಸತ್ತನೆನ್ನಿ. ಅವನ ಗಳಿಗೆಯನ್ನು ಬರೆದಿಡುವವರು ಯಾರು?

ಹೇಸದೆ ಕೇಳುವುದಾದರೆ, ನೊಣ.

ಶವದ ಬಿಸಿ ಆರಿದ್ದನ್ನು ನೋಡಿ ವೈದ್ಯರು ಸಾವಿನ ಕಾಲವನ್ನು ಅಂದಾಜು ಮಾಡುವುದುಂಟು. ಸೊಲ್ಲಾಪುರದ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿ ದೇಹಕ್ಕಿಂತ ಬಿಸಿಯಾಗಿರುವಾಗ ಆ ಲೆಕ್ಕ ನಿಲ್ಲದು. ಆಗ ಹುಳುಗಳನ್ನು ಕೇಳಬೇಕು. ಹಗಲಾದರೆ ನೊಣ ಬೇಗನೆ ಬಂದು ಶವದ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಹುಳುವಿನ ಮೈಮೇಲೆ ಮೇಣದಂಥ ತೆಳು ಹೊದಿಕೆ, ಅದರಲ್ಲಿ ಹೈಡ್ರೋಕಾರ್ಬನ್‌ಗಳು. ಹುಳು ಬೆಳೆದಂತೆ ಉದ್ದ ಸರಪಳಿಯವುಗಳ ಪಾಲು ಹೆಚ್ಚುತ್ತದೆ. ಈ ಪಾಲನ್ನು ಅಳೆದು ಹುಳುವಿನ ವಯಸ್ಸು ಹೇಳಲು ಸಾಧ್ಯವೆಂದು ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹಸಿರು ನೊಣವೊಂದರ ಮರಿಹುಳುಗಳಲ್ಲಿ ತೋರಿಸಿದರು.

ಆದರೆ ಈ ಸಾಕ್ಷಿ ಹೇಳುವುದು ತಾನು ಬಂದ ಹೊತ್ತನ್ನು, ಅವನು ಹೋದ ಹೊತ್ತನ್ನಲ್ಲ. ರಾತ್ರಿಯಾದರೆ, ಬಾಗಿಲು ಮುಚ್ಚಿದ್ದರೆ, ನೊಣ ತಡವಾಗಿ ಬರುತ್ತದೆ. ಬಿಸಿಲಿಗೆ ಹುಳು ಬೇಗ ಬೆಳೆಯುತ್ತದೆ. ತಂಪುನಾಡಿನ ಲೆಕ್ಕವನ್ನು ಬಯಲುಸೀಮೆಗೆ ಹಾಗೆಯೇ ಹಚ್ಚಿದರೆ ಸಾವಿನ ದಿನ ಹಿಂದಕ್ಕೆ ಸರಿಯುತ್ತದೆ. ಆದುದರಿಂದ ಪ್ರಾಮಾಣಿಕ ವಿಜ್ಞಾನಿ 'ಕನಿಷ್ಠ ಇಷ್ಟು ದಿನ' ಎನ್ನುತ್ತಾನೆಯೇ ಹೊರತು 'ಇಂಥ ಗಂಟೆಗೆ' ಎನ್ನುವುದಿಲ್ಲ. 'ಕನಿಷ್ಠ' ಎಂಬ ಆ ಒಂದು ಪದವನ್ನು ಯಾರಾದರೂ ನುಂಗಿಕೊಂಡರೆ ನಿರಪರಾಧಿಯ ಕೊರಳಿಗೆ ಹಗ್ಗ ಬೀಳಬಹುದು.

ಹಾಗಾದರೆ ನಮಗೆ ಎರಡು ಋಣಗಳಿವೆ. ಸತ್ತವನ ಗಳಿಗೆಯನ್ನು ಹುಡುಕುವುದು ಒಂದು. ತಿಳಿದುದಕ್ಕಿಂತ ಹೆಚ್ಚು ಹೇಳಿ ಬದುಕಿರುವವನನ್ನು ಬಲಿಗೊಡದಿರುವುದು ಇನ್ನೊಂದು. ಮೊದಲನೆಯದರ ಆತುರದಲ್ಲಿ ಎರಡನೆಯದು ಮರೆತುಹೋಗುತ್ತದೆ. ಕುಟುಂಬಕ್ಕೆ ತಿಥಿ ಬೇಕು, ಪೊಲೀಸರಿಗೆ ಗಂಟೆ ಬೇಕು. ಬೇಕೆಂಬ ಒತ್ತಾಯಕ್ಕೆ ಹುಳು ಬಗ್ಗುವುದಿಲ್ಲ, ಅದನ್ನು ಓದುವ ಮನುಷ್ಯ ಬಗ್ಗುತ್ತಾನೆ.

ತಿಥಿ ತಿಳಿಯದೆ ಹೋದವರಿಗೆಂದು ನಮ್ಮ ಹಿರಿಯರು ಮಹಾಲಯ ಅಮಾವಾಸ್ಯೆಯನ್ನು ಇಟ್ಟರು. ತಿಳಿಯದೆಂದು ಒಪ್ಪಿಕೊಂಡೂ ಸತ್ತವನ ಋಣ ತೀರಿಸಬಹುದೆಂಬ ವಿವೇಕ ಅದರಲ್ಲಿದೆ. ಆ ವಿವೇಕ ಪ್ರಯೋಗಶಾಲೆಗೂ ನ್ಯಾಯಾಲಯಕ್ಕೂ ಬೇಕು.