ಅಚಲೆ ಅಲುಗಿದಾಗ

ಭೂಮಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳನ್ನು ಅಮರಕೋಶದಲ್ಲಿ ಓದುವಾಗಲೆಲ್ಲ ನನಗೊಂದು ಸೋಜಿಗ. ಅಚಲೆ ಎಂದರು, ಸ್ಥಿರೆ ಎಂದರು, ಸರ್ವಂಸಹೆ ಎಂದರು. ಅಲುಗದವಳು, ನೆಲೆನಿಂತವಳು, ಎಲ್ಲವನ್ನೂ ತಾಳಿಕೊಳ್ಳುವವಳು. ಹೀಗೆ ಕರೆದ ಜನರಿಗೆ ಭೂಮಿ ಅಲುಗುತ್ತದೆಂಬುದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ತಿಳಿದಿದ್ದರಿಂದಲೇ ಆದಿಶೇಷನ ಕಥೆ ಹುಟ್ಟಿತು: ಪಾಪದ ಭಾರ ಹೆಚ್ಚಿದಾಗ ಶೇಷ ಹೆಡೆ ಬದಲಿಸುತ್ತಾನೆ, ಭೂಮಿ ನಡುಗುತ್ತದೆ. ಅಜ್ಜಿಯರ ಬಾಯಿಂದ ಇದನ್ನು ಕೇಳಿಯೇ ನಮ್ಮಲ್ಲಿ ಬಹುಮಂದಿ ಬೆಳೆದದ್ದು. ಕಥೆಯಾಗಿ ಅದು ಸೊಗಸಾದದ್ದೇ. ಆದರೆ ಅದರ ಒಡಲಲ್ಲಿ ಒಂದು ತೀರ್ಪು ಅಡಗಿದೆ. ಮನೆ ಕುಸಿದು ಸತ್ತವನು ಯಾವುದೋ ಪಾಪಕ್ಕೆ ಬೆಲೆ ತೆತ್ತನೆಂಬ ತೀರ್ಪು ಅದು. ಮಗುವಿಗೆ ಕಥೆಯ ಜೊತೆಗೆ ಈ ತೀರ್ಪನ್ನೂ ಕೊಡಬೇಕೆ? ಕೊಡಬಾರದೆಂದರೆ, ಅದರ ಜಾಗದಲ್ಲಿ ಏನನ್ನು ಇಡಬೇಕು?

ಈಗ ಶಾಲೆಗಳಲ್ಲಿ ಭೂಕಂಪ, ಜ್ವಾಲಾಮುಖಿಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸುವುದುಂಟು. ಕನ್ನಡ ಪಾಠ ಹೇಳುವವನಿಗೆ ಅದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ರಜೆಯಲ್ಲಿ ಬಂದ ತಮ್ಮನ ಮಕ್ಕಳು ನಮ್ಮ ಹಜಾರವನ್ನೇ ಪ್ರಯೋಗಶಾಲೆ ಮಾಡಿಕೊಂಡ ಮೇಲೆ ನಾನು ದೂರ ನಿಲ್ಲುವಂತಿರಲಿಲ್ಲ. ಮೊದಲ ದಿನ ಮಣ್ಣಿನ ಗುಡ್ಡ ಮಾಡಿ, ನಡುವೆ ಹುದುಗಿಸಿದ ಲೋಟಕ್ಕೆ ಅಡಿಗೆ ಸೋಡ ಹಾಕಿ, ಕೆಂಪು ಬಣ್ಣ ಕಲಸಿದ ವಿನಿಗರ್ ಸುರಿದರು. ನೊರೆ ಉಕ್ಕಿತು, ಚಪ್ಪಾಳೆ ಬಿತ್ತು. ನೋಟ ಚೆನ್ನಾಗಿತ್ತು, ಕಾರಣ ಮಾತ್ರ ಬೇರೆ. ಬೆಟ್ಟದ ಒಡಲಲ್ಲಿ ಹುಳಿಯೂ ಸೋಡವೂ ಕೂಡುವುದಿಲ್ಲ. ಅದಕ್ಕಿಂತ ಗೋಲಿ ಸೋಡದ ಸೀಸೆ ನಿಜಕ್ಕೆ ಹತ್ತಿರ. ಕರಗಿದ ಕಲ್ಲಿನ ರಸದಲ್ಲಿ ನೀರಾವಿಯೂ ಬೇರೆ ಅನಿಲಗಳೂ ಒತ್ತಡದಿಂದ ಅಡಗಿರುತ್ತವೆ. ರಸ ಮೇಲೇರಿದಂತೆ ಒತ್ತಡ ಇಳಿಯುತ್ತದೆ; ಗುಳ್ಳೆಗಳೆದ್ದು ಅದನ್ನು ಹೊರಕ್ಕೆ ನೂಕುತ್ತವೆ. ಸೀಸೆಯ ಗೋಲಿಯನ್ನು ಒಳಕ್ಕೆ ಒತ್ತಿದಾಗ ಆಗುವುದೂ ಇದೇ. ಆಟವೆಂದ ಮಾತ್ರಕ್ಕೆ ಕಾರಣ ಸುಳ್ಳಾಗಬೇಕಾಗಿಲ್ಲ. ಹಾಗಾದರೆ ಶೇಷನ ಕಥೆಯನ್ನು ಬಿಟ್ಟು ಇನ್ನೊಂದು ಕಟ್ಟುಕಥೆಯನ್ನು ಹಿಡಿದಂತಾಗುತ್ತದೆ, ಅಷ್ಟೆ.

ಮರುದಿನ ಭೂಕಂಪದ ಸರದಿ. ಹಲಗೆಯೊಂದರ ಕೆಳಗೆ ಗೋಲಿಗಳನ್ನು ಹರಡಿ, ಮೇಲೆ ಎರಡು ಮನೆ ಕಟ್ಟಿದರು. ಒಂದು, ಕಲ್ಲಿನ ಚೂರುಗಳನ್ನು ಹಸಿಮಣ್ಣಿನಲ್ಲಿ ಪೇರಿಸಿ ಮೇಲೆ ಮಣ್ಣಿನ ದಪ್ಪ ಮಾಳಿಗೆ ಹೊರಿಸಿದ್ದು. ಇನ್ನೊಂದು, ಬಿದಿರಿನ ಕಡ್ಡಿಗಳನ್ನು ಮೂಲೆ ಮೂಲೆಯಲ್ಲಿ ದಾರದಿಂದ ಬಿಗಿದದ್ದು. ಹಲಗೆಯನ್ನು ಅತ್ತಿತ್ತ ಎಳೆದರು. ಮೊದಲನೆಯದು ಉದುರಿತು, ಎರಡನೆಯದು ಓಲಾಡಿ ನಿಂತಿತು. ಹತ್ತು ವರ್ಷದ ಹುಡುಗಿ ಕೇಳಿದಳು: “ದೊಡ್ಡಪ್ಪ, ಎರಡಕ್ಕೂ ಅಲುಗಿಸಿದ್ದು ಒಂದೇ ಸಮ. ಇದೊಂದೇ ಯಾಕೆ ಬಿತ್ತು?” ನಾನು ಬಾಯಿ ತೆರೆಯುವ ಮೊದಲೇ ಬಗ್ಗಿ ನೋಡಿ, “ಕಟ್ಟಿದ್ದೇ ಸರಿಯಿಲ್ಲ” ಎಂದಳು. ಶೇಷನ ಕಥೆಯಲ್ಲಿ ಈ ಮಾತಿಗೆ ಎಡೆಯೇ ಇಲ್ಲ.

ನೆರೆಮನೆಯ ತಾಯಿಯೊಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಇದೇನು ಮೇಷ್ಟ್ರೇ, ಮಕ್ಕಳ ಕೈಲಿ ಮನೆ ಬೀಳಿಸೋ ಆಟ ಆಡಿಸ್ತಿದೀರಿ! ರಾತ್ರಿ ಹೆದರ್ಕೊಂಡ್ರೆ?” ಎಂದರು. ಅವರ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದರಲ್ಲಿ ಎರಡು ಆಕ್ಷೇಪಣೆಗಳಿವೆ. ಸಾವು ನೋವಿನ ವಿಷಯವನ್ನು ಆಟ ಮಾಡುವುದು ಸರಿಯೆ? ಮಗುವಿನ ಮನಸ್ಸಿನಲ್ಲಿ ಇಲ್ಲದ ಭಯವನ್ನು ಬಿತ್ತುವುದು ಸರಿಯೆ?

ಮೊದಲನೆಯದಕ್ಕೆ ಕಿಲ್ಲಾರಿಯನ್ನು ನೆನೆಯಬೇಕು. ೧೯೯೩ರ ಸೆಪ್ಟೆಂಬರ್ ೩೦ರಂದು ಬೆಳಗಿನ ಜಾವ ನಾಲ್ಕಕ್ಕೆ ಮುನ್ನ, ನಮ್ಮ ಗಡಿಯಾಚೆಯ ಲಾತೂರು ಸೀಮೆಯ ಹಳ್ಳಿಗಳು ನೆಲಸಮವಾದವು. ಸತ್ತವರು ಸುಮಾರು ೧೦,೦೦೦ ಮಂದಿ. ಮಲಗಿದ್ದವರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಬಿಸಿಲಿನ ತಾಪ ತಡೆಯಲೆಂದು ಹೊರಿಸಿದ್ದ ಮಣ್ಣಿನ ಮಾಳಿಗೆ. ಹಗುರವಾದ ಹುಲ್ಲಿನ ಗುಡಿಸಲುಗಳು ಬಹುಮಟ್ಟಿಗೆ ಉಳಿದವು. ಹಲಗೆಯ ಮೇಲಿನ ಆ ಎರಡು ಮನೆಗಳು ಕಿಲ್ಲಾರಿಯ ಮನೆಗಳೇ. ಅವನ್ನು ಮತ್ತೆ ಕಟ್ಟಿ ನೋಡುವುದು ಸತ್ತವರಿಗೆ ಮಾಡುವ ಅಪಚಾರವಲ್ಲ. ಅವರ ಮೇಲೆ ಪಾಪದ ಮಾತು ಹೊರಿಸುವುದೇ ಅಪಚಾರ.

ಇದೇ ಮಾತು ಹಿಂದೊಮ್ಮೆ ಇಬ್ಬರು ಮಹಾನುಭಾವರ ನಡುವೆ ಚರ್ಚೆಗೆ ಬಂದಿತ್ತು. ೧೯೩೪ರ ಜನವರಿ ೧೫ರಂದು ಬಿಹಾರ, ನೇಪಾಳಗಳಲ್ಲಿ ಭೂಮಿ ಕಂಪಿಸಿ ೧೦,೦೦೦ಕ್ಕೂ ಹೆಚ್ಚು ಜನ ಸತ್ತರು. ಆಗ ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥರು ಒಪ್ಪಲಿಲ್ಲ. ಪ್ರಕೃತಿಯ ಉತ್ಪಾತಕ್ಕೆ ಪ್ರಕೃತಿಯಲ್ಲೇ ಕಾರಣವುಂಟು, ಇಂಥ ವಾದವನ್ನು ಎದುರಾಳಿಗಳೂ ಅಷ್ಟೇ ಸುಲಭವಾಗಿ ಹೂಡಬಹುದು ಎಂಬುದು ಅವರ ನಿಲುವು. ಗಾಂಧೀಜಿ ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಮಾಡಿಸಿ, ತಮ್ಮ ಮಾತನ್ನು ಬಿಡದೆ ಉತ್ತರ ಬರೆದರು.

ಆ ಭೂಕಂಪದಲ್ಲಿ ಗಂಗೆಯ ಬಯಲಿನ ಹೊಲಗಳಲ್ಲಿ ಮರಳೂ ನೀರೂ ಬುಗ್ಗೆಯಾಗಿ ಚಿಮ್ಮಿದವು. ಮನೆಗಳು ವಾಲಿ ನೆಲದಲ್ಲಿ ಹೂತವು. ಇದನ್ನು ಮಗು ಬೋಗುಣಿಯಲ್ಲಿ ಕಾಣಬಹುದು. ಮರಳಿಗೆ ನೀರು ತುಂಬಿ, ಮೇಲೊಂದು ಕಲ್ಲಿಟ್ಟು, ಬೋಗುಣಿಯ ಬದಿಯನ್ನು ತಟ್ಟುತ್ತ ಹೋದರೆ ಗಟ್ಟಿಯಾಗಿದ್ದ ಮರಳು ಕೆಸರಿನಂತೆ ಸಡಿಲವಾಗಿ ಕಲ್ಲು ಮುಳುಗುತ್ತದೆ. ಕಲ್ಲಿನ ಜಾತಿಯನ್ನು ಮರಳು ಕೇಳುವುದಿಲ್ಲ. ಕಾರಣದ ಮಟ್ಟಿಗೆ ರವೀಂದ್ರರ ಮಾತೇ ದಿಟ. ಆದರೂ ಗಾಂಧೀಜಿಯ ಮಾತಿನ ಹಿಂದಿದ್ದ ಕಳಕಳಿಯನ್ನು ಮರಳಿನ ಜೊತೆ ಚೆಲ್ಲಿಬಿಡಬಾರದು. ನೆರೆಯವನ ಸಾವಿನಲ್ಲಿ ನನ್ನ ಪಾಲೇನು ಎಂದು ಕೇಳಿಕೊಳ್ಳಬೇಕೆಂಬುದು ಆ ಕಳಕಳಿ. ಆ ಪಾಲನ್ನು ಅವರು ನೆಲದಡಿಯಲ್ಲಿ ಹುಡುಕಿದರು. ಅದು ಇರುವುದು ಗೋಡೆಯಲ್ಲಿ. ಕಿಲ್ಲಾರಿಯವರು ತಿಳಿಯದೆ ಕಟ್ಟಿದರು, ಅದು ದುರದೃಷ್ಟ. ೨೦೦೧ರ ಜನವರಿ ೨೬ರಂದು ಕಛ್‌ನಲ್ಲಿ ಭೂಮಿ ನಡುಗಿದಾಗ ೨೦೦ ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಭೂಕಂಪ ತಾಳುವ ಕಟ್ಟಡಗಳಿಗೆ ನಮ್ಮ ದೇಶದಲ್ಲಿ ೧೯೬೨ರಿಂದಲೇ ಮಾನಕವಿದೆ. ತಿಳಿದೂ ಮಾಡದಿದ್ದುದನ್ನು ದುರದೃಷ್ಟವೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಇನ್ನು ಭಯದ ಮಾತು. ೨೦೨೧ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ಅದುರಿ, ಜನ ಮನೆಯೊಳಗೆ ಮಲಗಲು ಅಂಜಿದರು. ಆ ಮನೆಗಳ ಮಕ್ಕಳಿಗೆ ಭಯವನ್ನು ಯಾರೂ ಬಿತ್ತಬೇಕಾಗಿರಲಿಲ್ಲ. ನಾವು ಕೊಡಬಹುದಾದದ್ದು ಭಯದ ಹೊತ್ತಿನಲ್ಲಿ ಮಾಡುವುದಕ್ಕೊಂದು ಕೆಲಸ. ಜಪಾನಿನ ಕಮಾಯಿಶಿ ಎಂಬ ಊರಿನ ಶಾಲೆಗಳಲ್ಲಿ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದರು. ೨೦೧೧ರ ಮಾರ್ಚ್ ೧೧ರಂದು ನೆಲ ನಡುಗಿ ಸಮುದ್ರ ಏರಿ ಬಂದಾಗ ಅಲ್ಲಿನ ಮಾಧ್ಯಮಿಕ ಶಾಲೆಯ ಹುಡುಗರು ಎತ್ತರದ ಕಡೆಗೆ ಓಡಿದರು. ಅವರನ್ನು ನೋಡಿ ಪಕ್ಕದ ಶಾಲೆಯ ಚಿಕ್ಕ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದು, ಮೊದಲು ತಲುಪಿದ ಜಾಗ ಸಾಲದೆಂದು ಕಂಡು ಇನ್ನೂ ಮೇಲೆ ಹತ್ತಿದರು. ೧೦೦೦ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಆ ಊರಿನಲ್ಲಿ ಸುಮಾರು ೩೦೦೦ ಶಾಲಾಮಕ್ಕಳಲ್ಲಿ ಕೆಲವರ ಹೊರತು ಉಳಿದವರೆಲ್ಲ ಬದುಕಿದರು. ಅವರೂ ಹೆದರಿದ್ದರು, ಆದರೆ ಹೆದರಿದ ಕೈಗೆ ಇನ್ನೊಂದು ಕೈಯನ್ನು ಹಿಡಿಯುವುದು ಗೊತ್ತಿತ್ತು.

ಆದ್ದರಿಂದ ಮಕ್ಕಳು ಹಲಗೆಯನ್ನು ಅಲುಗಿಸಲಿ, ಸೀಸೆಯ ಗೋಲಿ ಒತ್ತಲಿ, ಮರಳನ್ನು ತಟ್ಟಲಿ. ಒಂದು ಮಾತನ್ನು ಮಾತ್ರ ದೊಡ್ಡವರು ನೆನಪಿಟ್ಟಿರಬೇಕು. ಹೀಗೆ ಕಲಿತ ಮಗು ಹಲಗೆಯ ಮೇಲಿನ ಮನೆಗೆ ನಿಲ್ಲುವುದಿಲ್ಲ. ಒಂದು ಸಂಜೆ ಊಟಕ್ಕೆ ಕುಳಿತಾಗ ಸುತ್ತ ನೋಡಿ, ನಮ್ಮ ಮನೆಯ ಕಂಬಗಳಲ್ಲಿ ಕಬ್ಬಿಣ ಸರಿಯಾಗಿ ಹಾಕಿದ್ದಾರೆಯೇ, ನಮ್ಮ ಶಾಲೆಯನ್ನು ಯಾರು ಕಟ್ಟಿದರು ಎಂದು ಕೇಳುತ್ತದೆ. ಆಗ ಶೇಷನ ಕಡೆಗೆ ಕೈ ತೋರಿಸುವಂತಿಲ್ಲ. ಮನೆ ಕೊಳ್ಳುವವರೂ ಕಟ್ಟಿಸುವವರೂ ಆದ ನಾವು ಉತ್ತರವನ್ನು ಈಗಲೇ ಹುಡುಕಿಟ್ಟುಕೊಂಡಿರುವುದು ಮೇಲು.