ಸೆಕೆಯೂರಿನ ಡೆವಲಪರ್ ಮೀಮಾಂಸೆ

ವಿಷಯ: ತಿರುವೊಟ್ಟಿಯೂರಿನಂಥ ಕಡಲಂಚಿನ ಊರಲ್ಲಿ ಮನೆಯಲ್ಲೇ ಕಪ್ಪು-ಬಿಳುಪು ಪ್ರಿಂಟ್ ಹಾಕುವವರಿಗೆ ಯಾವ ಪೇಪರ್ ಡೆವಲಪರ್ ಸರಿ, ಅದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದು. ಡಬ್ಬಿಯ ಮೇಲೆ 20 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಇಲ್ಲಿ ಮೇ ತಿಂಗಳಲ್ಲಿ ನಲ್ಲಿಯ ನೀರೇ 30 ಮುಟ್ಟುತ್ತದೆ. ತಾರಸಿಯ ಟ್ಯಾಂಕಿನ ನೀರಂತೂ ಮಧ್ಯಾಹ್ನ ಕೈಗೆ ಚುರುಕ್ಕೆನ್ನುತ್ತದೆ. ಸಂಶಯ: ಟೋನ್ ನೋಡಿ ಆರಿಸುವುದೋ, ಬಾಳಿಕೆ ನೋಡಿಯೋ? ಬಾಳಿಕೆಯೇ ಮೊದಲು ಎಂಬುದು ನನ್ನ ಪಕ್ಷ. ಟೋನ್ ಬಹುಮಟ್ಟಿಗೆ ಪೇಪರಿನ ಗುಣ. ಕ್ಲೋರೋಬ್ರೋಮೈಡ್ ಪೇಪರು ಕಂದುಗಪ್ಪಿಗೆ ಒಲಿಯುತ್ತದೆ, ಬ್ರೋಮೈಡ್ ಪೇಪರು ತಣ್ಣನೆಯ ಕಪ್ಪಿಗೆ. ಡೆವಲಪರು ಆ ಒಲವನ್ನು ತುಸು ಆಚೀಚೆ ಸರಿಸಬಲ್ಲದು, ಅಷ್ಟೇ.

ಹಾಗಾಗಿ ಕೊಡಾಕ್‌ನ ಹಳೆಯ ಡಿ-72 ಸೂತ್ರವೇ ಸಾಕು. ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಸೋಡಿಯಂ ಕಾರ್ಬೊನೇಟ್ ಮೊನೊಹೈಡ್ರೇಟ್ 80, ಪೊಟ್ಯಾಸಿಯಂ ಬ್ರೋಮೈಡ್ 2. ನಿರ್ಜಲ ಕಾರ್ಬೊನೇಟ್ ಬೇಡ. ಕಡಲ ಗಾಳಿಯ ತೇವ ಹೀರಿ ತಕ್ಕಡಿಗೆ ಸುಳ್ಳು ಹೇಳುತ್ತದೆ. ಬೋರಿನ ಗಡಸು ನೀರೂ ಬೇಡ, ಬಿಳಿ ಕೆನೆ ಕಟ್ಟುತ್ತದೆ. ಮನೆ ಬಾಗಿಲಿಗೆ ಬರುವ ಕ್ಯಾನ್ ನೀರು ಒಳ್ಳೆಯದು. ಸುಮಾರು 50 ಡಿಗ್ರಿಗೆ ಕಾಯಿಸಿದ ನೀರಿಗೆ ಮೊದಲು ಸಲ್ಫೈಟ್ ಒಂದು ಚಿಟಿಕೆ, ಆಮೇಲೆ ಮೆಟಾಲ್. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗಲು ಹಟ ಮಾಡುತ್ತದೆ. ಆರಿದ ದ್ರಾವಣವನ್ನು ಸಣ್ಣ ಗಾಜಿನ ಬಾಟಲಿಗಳಲ್ಲಿ ಕಂಠಪೂರ್ತಿ ತುಂಬಿಡಬೇಕು. ಅರ್ಧ ಖಾಲಿಯಾದ ಬಾಟಲಿಗೆ ಗೋಲಿ ಹಾಕಿ ಮಟ್ಟ ಏರಿಸಬೇಕು. ಗಾಳಿಯೇ ಇದರ ಶತ್ರು. ಸೆಕೆ ಆ ಶತ್ರುವಿನ ಬಂಟ.

ಪೂರ್ವಪಕ್ಷ: ಎಡ್ವರ್ಡ್ ವೆಸ್ಟನ್‌ರಂಥವರು ಅಮಿಡಾಲ್ ಬಳಸಿದರಲ್ಲ, ಅದರ ಕಪ್ಪು ಬೇರೆಯೇ ಅಲ್ಲವೆ? ಇರಬಹುದು. ಆದರೆ ಕರಗಿಸಿದ ಅಮಿಡಾಲ್ ಕೆಲವೇ ಗಂಟೆಗಳ ಅತಿಥಿ, ಉಗುರಿಗೂ ಮಸಿ ಬಳಿಯುತ್ತದೆ. ತಿಂಗಳಿಗೆ ನಾಲ್ಕು ಪ್ರಿಂಟ್ ಹಾಕುವವರಿಗೆ ಅದು ಹೊರೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಫಿಲ್ಮು, ಪೇಪರು ತಯಾರಿಸಲು ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಊಟಿಯ ತಂಪು ಹುಡುಕಿಕೊಂಡು ಹೋಯಿತು. ಅಂಥ ಸರಕನ್ನು 30 ಡಿಗ್ರಿಯಲ್ಲಿ ಅದ್ದುವುದು ಸರಿಯೇ, ಐಸ್ ಹಾಕಬಾರದೇ? ಎಮಲ್ಷನ್ ಬಳಿಯುವ ಕೆಲಸ ಬೇರೆ, ತೊಳೆಯುವ ಕೆಲಸ ಬೇರೆ. ಟ್ರೇಗೇ ಐಸ್ ಹಾಕಿದರೆ ದ್ರಾವಣ ತೆಳುವಾಗುತ್ತದೆ. ಐಸ್ ತುಂಬಿದ ಬಾಟಲಿ ಮುಳುಗಿಸಬಹುದು, ಆದರೆ ಮೂಲೆಯೊಂದು ತಣ್ಣಗೆ, ಮೂಲೆಯೊಂದು ಬೆಚ್ಚಗೆ. ಅದಕ್ಕಿಂತ 1:2ರ ಬದಲು 1:4 ಬೆರೆಸಿ, ಗಡಿಯಾರಕ್ಕಿಂತ ಚಿತ್ರವನ್ನೇ ನಂಬುವುದು ಮೇಲು. ಚಿತ್ರ ಮೊದಲು ಇಣುಕುವ ಕ್ಷಣ ಎಣಿಸಿ, ಆರರಿಂದ ಗುಣಿಸಿ. 12 ಸೆಕೆಂಡಿಗೆ ಕಂಡರೆ ಒಟ್ಟು 72. ಆನ್ಸೆಲ್ ಆಡಮ್ಸ್ ಕಲಿಸಿದ ಹಾದಿ ಇದೇ.

ಮೆಟಾಲೂ ಹೈಡ್ರೋಕ್ವಿನೋನೂ ಶಾಖಕ್ಕೆ ಒಂದೇ ಸಮ ಮಣಿಯುವುದಿಲ್ಲ, ಗುಣಕ ತಪ್ಪುತ್ತದೆ ಎನ್ನುವವರೂ ಇದ್ದಾರೆ. ನಿಜ. ಅದಕ್ಕೇ ಗುಣಕವನ್ನು ಆ ದಿನದ ಮೊದಲ ಟೆಸ್ಟ್ ಸ್ಟ್ರಿಪ್‌ನಲ್ಲಿ ಗೊತ್ತುಮಾಡಿಕೊಂಡು, ಆ ರಾತ್ರಿಯಿಡೀ ಬದಲಿಸದಿರುವುದು.

ಕೊನೆಯದು ಜುಗ್ಗತನದ ಆಕ್ಷೇಪ: ಹಳತಾದ ಡೆವಲಪರು ಬೆಚ್ಚನೆಯ ಟೋನ್ ಕೊಡುತ್ತದೆ, ಚೆಲ್ಲುವುದೇಕೆ? ಪ್ರತಿ ಹಾಳೆಯೂ ಬ್ರೋಮೈಡ್ ಬಿಟ್ಟುಕೊಡುವುದರಿಂದ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಮೊದಲು ಸೋರಿಹೋಗುವುದು ಗಾಢ ಕಪ್ಪು. ಬೂದುಬಣ್ಣಗಳು ಚೆನ್ನಾಗಿಯೇ ಕಾಣುತ್ತವೆ, ಕಣ್ಣು ಮೋಸಹೋಗುತ್ತದೆ. ಚಹಾದ ಬಣ್ಣ ಬಂದಾಗ ಚೆಲ್ಲುತ್ತೇನೆಂದರೂ ಸಾಲದು. ಆಸ್ಕಾರ್ಬೇಟ್ ಡೆವಲಪರುಗಳು ಬಣ್ಣ ಕೆಡದೆಯೇ ಸಾಯುತ್ತವೆ. ಹೊಸ ದ್ರಾವಣದಲ್ಲಿ, ಬೆಳಕಿಗೆ ಪೂರಾ ಒಡ್ಡಿದ ಪೇಪರಿನ ಒಂದು ಪಟ್ಟಿ ತೊಳೆದು ಒಣಗಿಸಿಡಿ. ಪ್ರಿಂಟಿಂಗ್ ನಡುವೆ ಅಂಥದೇ ಪಟ್ಟಿ ಅಷ್ಟೇ ಹೊತ್ತು ತೊಳೆದು ಒಣಗಿಸಿ, ಪಕ್ಕದಲ್ಲಿಟ್ಟು ನೋಡಿ. ಪೆಚ್ಚಾಗಿದ್ದರೆ ಟ್ರೇ ಖಾಲಿ ಮಾಡಿ. ಹೊಸದನ್ನು ಮೇಲೆ ಸುರಿದು ತೇಪೆ ಹಾಕುವ ಉಪಾಯ ಮುಚ್ಚಿದ ಫಿಲ್ಮ್ ಟ್ಯಾಂಕಿಗೆ ಸಲ್ಲುತ್ತದೆ, ಅಗಲ ಬಾಯಿಯ ಟ್ರೇಗಲ್ಲ. ಬೆಚ್ಚನೆಯ ಟೋನೇ ಬೇಕಿದ್ದವರು ಹೊಸ ಡೆವಲಪರಿಗೆ ಬ್ರೋಮೈಡನ್ನು ಅಳೆದು ಹಾಕಿಕೊಳ್ಳಲಿ. ಎಷ್ಟು ಹಾಕಿದ್ದೆಂದು ನಾಳೆಗೆ ಲೆಕ್ಕವಾದರೂ ಇರುತ್ತದೆ.